ನಾನು ಮತ ಹಾಕದ ಸರ್ಕಾರಕ್ಕೆ ನಾನೇಕೆ ತಲೆಬಾಗಬೇಕು?

ಪ್ರಶ್ನೆ: ನಾನು ಮತ ಹಾಕಿದವರು ಸೋತರು. ಗೆದ್ದವರು ಮಾಡಿದ ಕಾನೂನು ತಪ್ಪೆಂದೇ ಈಗಲೂ ನಂಬಿದ್ದೇನೆ. ಹಾಗಿದ್ದ ಮೇಲೆ ಅದನ್ನು ಪಾಲಿಸುವ ಹೊಣೆ ನನ್ನ ಮೇಲೆ ಹೇಗೆ ಬಂತು?

ಉತ್ತರ: ಪಾಲಿಸದಿದ್ದರೆ ದಂಡ ಬೀಳುತ್ತದೆ, ಅದಕ್ಕೇ ಪಾಲಿಸಿ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ನೀವು ಕೇಳಿದ್ದು ಅದಲ್ಲ. ದಾರಿಯಲ್ಲಿ ಅಡ್ಡಗಟ್ಟಿ ಚಾಕು ತೋರಿಸಿದವನಿಗೂ ನಾವು ಹಣ ಕೊಡುತ್ತೇವೆ. ಕೊಡುವುದು ನಮ್ಮ ಕರ್ತವ್ಯವಾಗಿತ್ತು ಎಂದು ಯಾರೂ ಹೇಳುವುದಿಲ್ಲ. ಹೆದರಿಕೆ ಬೇರೆ, ಹೊಣೆ ಬೇರೆ. ಐದನೆಯ ಶತಮಾನದಲ್ಲಿ ಕ್ರೈಸ್ತ ಚಿಂತಕ ಅಗಸ್ಟೀನ್ ಒಂದು ಕತೆ ಹೇಳಿದ್ದ: ಸೆರೆಸಿಕ್ಕ ಕಡಲ್ಗಳ್ಳನೊಬ್ಬ ಅಲೆಗ್ಸಾಂಡರನಿಗೆ, ‘ಸಣ್ಣ ದೋಣಿಯಲ್ಲಿ ಮಾಡುತ್ತೇನೆಂದು ನಾನು ಕಳ್ಳ, ದೊಡ್ಡ ನೌಕಾಪಡೆಯಲ್ಲಿ ಮಾಡುತ್ತೀಯೆಂದು ನೀನು ಚಕ್ರವರ್ತಿ’ ಎಂದನಂತೆ. ದೋಣಿಯ ಗಾತ್ರ ಬಿಟ್ಟು ಇವರಿಬ್ಬರ ನಡುವೆ ಇನ್ನೇನಾದರೂ ವ್ಯತ್ಯಾಸವಿದೆಯೇ? ಅಧಿಕಾರದ ಸಿಂಧುತ್ವದ, ಅಂದರೆ ಆಳುವ ಹಕ್ಕು ನ್ಯಾಯಸಮ್ಮತವೇ ಎಂಬುದರ ಬಗ್ಗೆ ಬರೆದವರೆಲ್ಲ ಹುಡುಕಿದ್ದು ಆ ‘ಇನ್ನೇನಾದರೂ’ ಎಂಬುದನ್ನೇ.

ಒಪ್ಪಿಗೆಯೇ ಆ ವ್ಯತ್ಯಾಸ ಎಂಬುದು ಬಹಳ ಹಳೆಯ ಉತ್ತರ. ಕ್ರಿ.ಪೂ. 399, ಅಥೆನ್ಸಿನ ಸೆರೆಮನೆ. ಇನ್ನೂ ಬೆಳಕು ಹರಿದಿಲ್ಲ. ಮರಣದಂಡನೆಗೆ ಗುರಿಯಾದ, ಎಪ್ಪತ್ತರ ಪ್ರಾಯದ ಸಾಕ್ರೆಟಿಸ್ ನೆಮ್ಮದಿಯಾಗಿ ನಿದ್ರಿಸುತ್ತಿದ್ದಾನೆ. ಪರಿಚಯದ ಕಾವಲುಗಾರನ ದಯೆಯಿಂದ ಒಳಗೆ ಬಂದ ಗೆಳೆಯ ಕ್ರಿಟೊ ಅವನನ್ನು ಎಬ್ಬಿಸಲು ಮನಸ್ಸು ಬಾರದೆ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದಾನೆ. ಎಚ್ಚರವಾದ ಮೇಲೆ, ಹಣ ಸಿದ್ಧವಿದೆ, ತಪ್ಪಿಸಿಕೊಂಡು ಹೋಗು ಎನ್ನುತ್ತಾನೆ. ಸಾಕ್ರೆಟಿಸ್ ಒಪ್ಪುವುದಿಲ್ಲ. ನಗರದ ಕಾನೂನುಗಳೇ ಎದುರು ಬಂದು ನಿಂತು ತನ್ನನ್ನು ಕೇಳಿದರೆ ಏನು ಹೇಳಲಿ ಎನ್ನುತ್ತಾನೆ. ಅವುಗಳ ವಾದ ಇದು: ನಾವು ಹಿಡಿಸದಿದ್ದರೆ ಆಸ್ತಿಪಾಸ್ತಿ ಸಮೇತ ಬೇರೆಡೆಗೆ ಹೋಗಲು ನಿನಗೆ ಅಡ್ಡಿಯಿರಲಿಲ್ಲ, ಯುದ್ಧಕ್ಕೆ ಹೋದದ್ದು, ಒಮ್ಮೆ ಉತ್ಸವಕ್ಕೆ ಹೋದದ್ದು ಬಿಟ್ಟರೆ ನೀನು ಇಲ್ಲಿಂದ ಕದಲಲೇ ಇಲ್ಲ, ಇಲ್ಲೇ ಉಳಿದೆಯಲ್ಲ, ಅದೇ ಒಪ್ಪಿಗೆ.

1689ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಇದನ್ನು ಇನ್ನೂ ಹಿಗ್ಗಿಸಿದ. ಒಂದು ನಾಡಿನ ಹೆದ್ದಾರಿಯಲ್ಲಿ ಸುಮ್ಮನೆ ನಡೆದು ಹೋದರೂ ಅಲ್ಲಿನ ಸರ್ಕಾರಕ್ಕೆ ಒಪ್ಪಿಗೆ ಕೊಟ್ಟಂತೆಯೇ ಎಂದ. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತೇವಲ್ಲ, ಆ ಜಾತಿಯ ವಾದ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಇದರ ಗಾಳಿ ತೆಗೆದ. ನಿದ್ದೆಯಲ್ಲಿದ್ದವನನ್ನು ಹೊತ್ತು ತಂದು ಹಡಗಿಗೆ ಹಾಕಿದ್ದಾರೆ. ಎಚ್ಚರವಾದಾಗ ಸುತ್ತ ಕಡಲು. ಹಡಗಿನಲ್ಲೇ ಉಳಿದಿದ್ದಾನೆ, ಆದ್ದರಿಂದ ಕಪ್ತಾನನ ಆಳ್ವಿಕೆಗೆ ಒಪ್ಪಿದ್ದಾನೆ ಎನ್ನಬಹುದೇ? ದಿನಗೂಲಿಯಲ್ಲಿ ಬದುಕುವ, ಬೇರೆ ಭಾಷೆ ಬಾರದ ಬಡ ರೈತನಿಗೆ ‘ಬೇಡವಾದರೆ ದೇಶ ಬಿಡು’ ಎನ್ನುವುದೂ ಅಷ್ಟೇ ಎಂದ ಹ್ಯೂಮ್. ಬಿಡಲಾಗದ ಜಾಗದಲ್ಲಿ ಉಳಿದದ್ದನ್ನು ಒಪ್ಪಿಗೆಯೆಂದು ಕರೆದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಆ ವಾದ ಅಲ್ಲಿಗೆ ಮುಗಿಯಿತು.

ರಸ್ತೆ, ರಕ್ಷಣೆ, ನ್ಯಾಯಾಲಯಗಳ ಪ್ರಯೋಜನ ಪಡೆದ ಮೇಲೆ ನಮ್ಮ ಪಾಲಿನ ಹೊರೆಯನ್ನೂ ಹೊರಬೇಕು ಎಂಬ ಇನ್ನೊಂದು ವಾದವಿದೆ. ತಕ್ಕಮಟ್ಟಿಗೆ ಸರಿಯೇ. ಆದರೆ ಕೇಳದೆ ಕೊಟ್ಟದ್ದಕ್ಕೂ ಋಣ ಬೀಳುತ್ತದೆಯೇ ಎಂಬಲ್ಲಿ ಅದೂ ಎಡವುತ್ತದೆ.

ನಿಮ್ಮ ಪ್ರಶ್ನೆಯ ನಿಜವಾದ ಸಿಕ್ಕನ್ನು ಹಿಡಿದವನು ಬ್ರಿಟಿಷ್ ತತ್ವಜ್ಞಾನಿ ರಿಚರ್ಡ್ ವೋಲ್‌ಹೈಮ್, 1962ರಲ್ಲಿ. ಮತದಾರನೊಬ್ಬ ಬೇಡ ಎಂದು ಮತ ಹಾಕಿದ. ಎಣಿಕೆಯಲ್ಲಿ ಬೇಕು ಎಂಬುದು ಗೆದ್ದಿತು. ಪ್ರಜಾಪ್ರಭುತ್ವವನ್ನು ನಂಬುವವನಾದ್ದರಿಂದ ಅದು ಜಾರಿಯಾಗಬೇಕು ಎನ್ನುತ್ತಾನೆ. ತನ್ನ ಅಭಿಪ್ರಾಯ ಬದಲಾಗಿಲ್ಲವಾದ್ದರಿಂದ ಆಗಬಾರದು ಎಂದೂ ಎನ್ನುತ್ತಾನೆ. ಒಂದೇ ಬಾಯಲ್ಲಿ ಎರಡು ಮಾತು! ಗಂಟು ಬಿಡಿಸಲು ಹಲವರು ಹಲವು ಬಗೆಯಲ್ಲಿ ಕೈಹಾಕಿದ್ದಾರೆ. ನನಗೆ ಹಿಡಿಸುವುದು ಇದು: ಅಲ್ಲಿರುವುದು ಎರಡು ಬೇರೆ ಪ್ರಶ್ನೆಗಳು. ಯಾವುದು ಸರಿ ಎಂಬುದು ಒಂದು. ಯಾವುದು ಸರಿ ಎಂದು ನಮ್ಮೊಳಗೆ ಒಮ್ಮತವಿಲ್ಲದಿರುವಾಗ, ಎಲ್ಲರಿಗೂ ಸೇರಿ ಒಂದೇ ನಿಯಮ ಬೇಕಾಗಿರುವಾಗ, ತೀರ್ಮಾನ ಹೇಗಾಗಬೇಕು ಎಂಬುದು ಇನ್ನೊಂದು. ಸೋತ ಮತ ಮೊದಲನೆಯದಕ್ಕೆ ನೀವು ಕೊಟ್ಟ ಉತ್ತರ. ಪಾಲನೆಯ ಹೊಣೆ ಹುಟ್ಟುವುದು ಎರಡನೆಯದರಲ್ಲಿ.

ತಿಳಿದವರೇ ತೀರ್ಮಾನಿಸಲಿ ಎನ್ನಬಹುದು, ಪ್ಲೇಟೊ ಹಾಗೆಂದ. ಪ್ರಾತಿನಿಧ್ಯದ ಸರ್ಕಾರವನ್ನು ಎತ್ತಿಹಿಡಿದ ಬ್ರಿಟಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಕೂಡ 1861ರಲ್ಲಿ, ಹೆಚ್ಚು ಓದಿದವರಿಗೆ ಒಂದಕ್ಕಿಂತ ಹೆಚ್ಚು ಮತವಿರಲಿ ಎಂದ. ಆದರೆ ಯಾರು ತಿಳಿದವರು ಎಂಬ ವಿಷಯದಲ್ಲೇ ಜಗಳವಿರುವಾಗ ಅದು ಹೇಗೆ ಸಾಧ್ಯ? ತಲೆಗೊಂದು ಮತ ಎಂಬ ಎಣಿಕೆ ಸರಿಯಾದ ಉತ್ತರವನ್ನೇ ಕೊಡುತ್ತದೆಂಬ ಖಾತರಿಯಿಲ್ಲ. ಅದರ ಗುಣ ಬೇರೆ: ಯಾರ ಬುದ್ಧಿಯನ್ನೂ ಇನ್ನೊಬ್ಬರದಕ್ಕಿಂತ ಕಡಿಮೆಯೆಂದು ಅದು ಮೊದಲೇ ಗೆರೆ ಎಳೆಯುವುದಿಲ್ಲ. ನಿಮ್ಮ ಮತವನ್ನು ಎಣಿಸಿದ್ದಾರೆ, ಉಳಿದವರದರಷ್ಟೇ ತೂಕಕ್ಕೆ. ಬಂದ ಫಲಿತಾಂಶವನ್ನು ಒಪ್ಪಲಾರೆ ಎಂದರೆ ನನ್ನದನ್ನು ಹೆಚ್ಚು ತೂಗಿ ಎಂದು ಕೇಳಿದಂತಾಗುತ್ತದೆ.

ಹಾಗೆಂದು ಬಹುಮತ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಗೆದ್ದವನಿಗೆ ಸಮಜಾಯಿಷಿ ಯಾರೂ ಹೇಳಬೇಕಾಗಿಲ್ಲ, ಅವನು ಖುಷಿಯಲ್ಲೇ ಇರುತ್ತಾನೆ. ಸಿಂಧುತ್ವ ಎಂಬುದು ಸೋತವನಿಗೆ ಕೊಡಬೇಕಾದ ಲೆಕ್ಕ. ಮುಂದಿನ ಸಲ ಗೆಲ್ಲುವ ದಾರಿ ಅವನಿಗೆ ತೆರೆದಿರಬೇಕು. ಮಾತನಾಡಲು, ಸಂಘಟಿಸಲು, ಟೀಕಿಸಲು ಬಿಡಬೇಕು. ಗೆದ್ದವರು ಆ ಗೆಲುವನ್ನೇ ಹಿಡಿದು ಸೋತವರ ಮತದ ಹಕ್ಕನ್ನು ಕಿತ್ತುಕೊಂಡರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಪ್ರತಿ ಎಣಿಕೆಯಲ್ಲೂ, ಪ್ರತಿ ವಿಷಯದಲ್ಲೂ ಸೋಲುವುದೇ ಹಣೆಬರಹವಾದ ಸಣ್ಣ ಗುಂಪಿಗೆ ‘ಮುಂದಿನ ಸಲ ನೋಡೋಣ’ ಎಂಬುದು ಬರಿಯ ಬಾಯಿಮಾತು; ಮೂಲಭೂತ ಹಕ್ಕುಗಳನ್ನು ಎಣಿಕೆಯ ಕೈಗೆಟುಕದಂತೆ ಎತ್ತರದಲ್ಲಿ ಇಟ್ಟಿರುವುದು ಅದಕ್ಕೇ.

ಈ ಗೆರೆ ದಾಟಿದ ಕಾನೂನನ್ನು ಬಹಿರಂಗವಾಗಿ ಮುರಿದು, ಶಿಕ್ಷೆಯನ್ನೂ ಅನುಭವಿಸಿದವರಿದ್ದಾರೆ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೊ ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತಲೆಗಂದಾಯ ಕಟ್ಟುವುದಿಲ್ಲವೆಂದು 1846ರ ಜುಲೈನಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದ. ಬೇರೆ ಯಾರೋ ಅವನ ಪರವಾಗಿ ಹಣ ಕಟ್ಟಿದ್ದರಿಂದ ಮರುದಿನ ಹೊರಬಂದ. ಹೆದ್ದಾರಿಯ ತೆರಿಗೆಯನ್ನು ಮಾತ್ರ ಅವನು ಎಂದೂ ನಿರಾಕರಿಸಲಿಲ್ಲ. ಕೆಟ್ಟ ಪ್ರಜೆಯಾಗಬೇಕೆಂಬ ಆಸೆ ಎಷ್ಟಿದೆಯೋ ಒಳ್ಳೆಯ ನೆರೆಯವನಾಗಬೇಕೆಂಬ ಆಸೆಯೂ ಅಷ್ಟೇ ಇದೆ ಎಂದು ಅದಕ್ಕೆ ಕಾರಣ ಕೊಟ್ಟ.