ಗ್ರೈಂಡರ್ ಹಿಡಿಯುವ ಮೊದಲು ಕೊಡಲಿಯನ್ನು ಓದಿ

ಹಳೆ ಕೊಡಲಿ ಸಿಕ್ಕ ಕೂಡಲೇ ಜನ ತುಕ್ಕು ಉಜ್ಜಲು ಗ್ರೈಂಡರ್ ಹಿಡಿಯುತ್ತಾರೆ. ಆಮೇಲೆ ಫಳಫಳ ಹೊಳೆಯುವ ಕಬ್ಬಿಣ ತಂದು ಮುಂದಿಟ್ಟು, "ಇದು ಯಾರು ಮಾಡಿದ್ದು, ಎಷ್ಟು ಹಳೇದು ಹೇಳಿ ಸರ್" ಅನ್ನುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದನ್ನು ಹೇಳಬೇಕಾದ, ಮಾಡಿದವರು ಕಬ್ಬಿಣದ ಮೇಲೆ ಒತ್ತಿದ ಮುದ್ರೆಯೇ ಪುಡಿಯಾಗಿ ಹಾರಿಹೋಗಿರುತ್ತದೆ, ಅಲ್ವಾ?

ಹೆಸರು ಓದಲು ಬಂದರೆ ಸಾಕು ಎಂದುಕೊಳ್ಳಬೇಡಿ. ಅದರ ಸುತ್ತಲಿನ ಚೂರುಪಾರೂ ಬೇಕು. ಅಮೆರಿಕದ ಕಾಲಿನ್ಸ್ ಕೊಡಲಿಯನ್ನೇ ನೋಡಿ. ಕಂಪನಿ ಶುರುವಾಗಿದ್ದು 1826ರಲ್ಲಿ, ಮುಚ್ಚಿದ್ದು 1966ರಲ್ಲಿ. ಮುದ್ರೆಯಲ್ಲಿ 'ಕಾಲಿನ್ಸ್ ಆ್ಯಂಡ್ ಕೋ, ಹಾರ್ಟ್‌ಫರ್ಡ್' ಎಂದಿರುತ್ತದೆ. ಆದರೆ ಕಾರ್ಖಾನೆ ಇದ್ದದ್ದು ಹಾರ್ಟ್‌ಫರ್ಡ್‌ನಲ್ಲಲ್ಲ, ಅಲ್ಲಿಂದ ಆಚೆ ಫಾರ್ಮಿಂಗ್ಟನ್ ನದಿ ದಂಡೆಯ ಕಾಲಿನ್ಸ್‌ವಿಲ್‌ನಲ್ಲಿ. ಮುಂದೆ ಕಾಗದದ ಮೇಲೆ ಅದು 'ಕಾಲಿನ್ಸ್ ಕಂಪನಿ' ಆಯಿತು. ಗಿರಾಕಿಗಳು ನಂಬಿದ್ದ ಹಳೆ ಹೆಸರನ್ನು ಕೊಡಲಿಯ ಮೇಲೆ ಒತ್ತುವುದು ಮಾತ್ರ ನಿಲ್ಲಲಿಲ್ಲ. ಹಾಗಾಗಿ ಬರೀ ಹೆಸರು ನೋಡಿ ವರ್ಷ ಹೇಳಲು ಆಗುವುದಿಲ್ಲ. ಶುರುವಾದ ವರ್ಷ ಕಂಪನಿಯದು, ನಿಮ್ಮ ಕೈಲಿರುವ ಕೊಡಲಿಯದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಬೇರೆಯವರು ಆ ಹೆಸರನ್ನೇ ನಕಲು ಮಾಡಿ ಮಾರುತ್ತಿದ್ದರು. ಅದಕ್ಕೆ ಕಂಪನಿ ಮುಂದೆ ಒಂದು ಗುರುತು ತಂದಿತು: ಕಿರೀಟದಿಂದ ಮೇಲೆದ್ದ ತೋಳು, ಕೈಯಲ್ಲಿ ಸುತ್ತಿಗೆ, ಜೊತೆಗೆ 'ಲೆಜಿಟಿಮಸ್', ಅಂದರೆ 'ಅಸಲಿ', ಎಂಬ ಪದ. ಒಬ್ಬರು 1826ರ ಕೊಡಲಿ ಎಂದು ನಂಬಿ ಜಾಸ್ತಿ ದುಡ್ಡು ಕೊಟ್ಟು ಕೊಂಡಿದ್ದರು. ಪುಣ್ಯಕ್ಕೆ ಉಜ್ಜಿರಲಿಲ್ಲ. ಟಾರ್ಚನ್ನು ಪಕ್ಕದಿಂದ ಹಿಡಿದಾಗ ತುಕ್ಕಿನ ನಡುವೆ ಕಿರೀಟದ ಅಂಚು, ಅದರ ಮೇಲೆ ಮೊಣಕೈ ಎದ್ದು ಕಂಡಿತು. ಅಲ್ಲಿಗೆ 1826ರ ಮಾತು ಮುಗಿಯಿತು. ಪಾಪ, ಅವರ ಮುಖ ಸಪ್ಪಗಾಯಿತು. "ಹಾಗಾದರೆ ಮಾರಿದವರು ಹೇಳಿದ ಜಾನ್ ಬ್ರೌನ್ ಕಥೆ?" ಎಂದರು. ಗುಲಾಮಗಿರಿ ವಿರುದ್ಧ ದಂಗೆಯೆದ್ದ ಜಾನ್ ಬ್ರೌನ್ 1857ರಲ್ಲಿ ಕಾಲಿನ್ಸ್‌ವಿಲ್‌ಗೆ ಬಂದದ್ದು ನಿಜ. ಅಲ್ಲಿನ ಚಾರ್ಲ್ಸ್ ಬ್ಲೇರ್ ಎಂಬ ಕಮ್ಮಾರನಿಗೆ ಸಾವಿರ ಆಯುಧ ಮಾಡಿಕೊಡಲು ಹೇಳಿದ್ದೂ ನಿಜ. ಅವು ಈಟಿಗಳು. ಮಾರುವವರು ಆ ಕಥೆಯನ್ನು ಸುಮ್ನೆ ಕೊಡಲಿಗೂ ಅಂಟಿಸುತ್ತಾರೆ.

ಕೊಡಲಿಗೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಹಳೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಅಡ್ಡಕ್ಕೆ ಹಿಡಿದು ಎರಡೂ ಬದಿಯ ಫೋಟೋ ತೆಗೆಯಿರಿ. ಮುದ್ರೆ ಇದೆ ಅನ್ನಿಸಿದ ಕಡೆ ತೆಳು ಕಾಗದ ಇಟ್ಟು ಪೆನ್ಸಿಲ್ ಆಡಿಸಿ. ಅಷ್ಟು ತಂದರೆ ಸುಮಾರು ಯಾವ ಕಾಲದ್ದು ಎಂದು ಹೇಳಬಹುದು, ಅದೂ ಮುದ್ರೆ ಪೂರ್ತಿ ಸಿಕ್ಕರೆ. ಏನೂ ಕಾಣದಿದ್ದರೆ ತುಕ್ಕು ಸಮೇತ ಹಾಗೇ ತನ್ನಿ, ನೋಡೋಣ. ಅಲಗು ಮಸೆಯುವುದು, ಮರದ ಹಿಡಿ ಹಾಕುವುದು ಎಲ್ಲ ಆಮೇಲೆ.