ಶುಕ್ರದ ತಾಪಮಾನ: ಮೈನಸ್ 35 ಸರಿಯೋ, 465 ಸರಿಯೋ?

ಉಡುಪಿಯ ಓದುಗರೊಬ್ಬರ ಪ್ರಶ್ನೆ: ಶುಕ್ರ ಗ್ರಹದಲ್ಲಿ 465 ಡಿಗ್ರಿ ಸೆಲ್ಸಿಯಸ್ ಬಿಸಿ ಅಂತ ಮಗಳ ಪುಸ್ತಕದಲ್ಲಿದೆ. ಇನ್ನೊಂದು ಕಡೆ ಮೈನಸ್ 35 ಅಂತ ಓದಿದೆ. ಎರಡನ್ನೂ ನೌಕೆಗಳೇ ಅಳೆದದ್ದಂತೆ. ಯಾವುದನ್ನು ನಂಬಬೇಕು?

ಎರಡನ್ನೂ ನಂಬಿ. ಅಳೆದ ಎತ್ತರ ಬೇರೆ, ಅಷ್ಟೇ.

ದೂರದಿಂದ ಹಾದುಹೋಗುವ ನೌಕೆ ಥರ್ಮಾಮೀಟರ್ ಇಳಿಬಿಡುವುದಿಲ್ಲ. ಗ್ರಹದಿಂದ ಬರುವ ಕಿರಣಗಳನ್ನು ಹಿಡಿದು, ಅವು ಹೊರಟ ಜಾಗ ಎಷ್ಟು ಬಿಸಿ ಇರಬೇಕು ಅಂತ ಲೆಕ್ಕ ಹಾಕಲಾಗುತ್ತದೆ. ಆ ಜಾಗ ನೆಲವೇ ಆಗಿರಬೇಕು ಅಂತೇನಿಲ್ಲ. ಜುಲೈ ತಿಂಗಳಲ್ಲಿ ಇನ್ಸಾಟ್ ಉಪಗ್ರಹ ತೆಗೆದ ನಮ್ಮ ಕರಾವಳಿಯ ಇನ್‌ಫ್ರಾರೆಡ್ (ಶಾಖಕಿರಣದ) ಚಿತ್ರ ನೋಡಿ. ಮಂಗಳೂರಿನಲ್ಲಿ 25 ಡಿಗ್ರಿ ಆಸುಪಾಸು ಇದ್ದು ಜೋರು ಮಳೆ ಸುರಿಯುತ್ತಿರುವಾಗಲೇ ಚಿತ್ರದಲ್ಲಿ ಮೈನಸ್ 60 ಕಾಣುವುದುಂಟು. ಅದು ಹಂಪನಕಟ್ಟೆಯ ರಸ್ತೆಯದ್ದಲ್ಲ, ಮೋಡದ ನೆತ್ತಿಯದ್ದು.

ಶುಕ್ರದಲ್ಲಿ ಮೋಡ ಸರಿಯುವುದೇ ಇಲ್ಲ. ಸಲ್ಫ್ಯೂರಿಕ್ ಆಸಿಡ್ ಹನಿಗಳ ಮೋಡ ಇಡೀ ಗ್ರಹವನ್ನು ಮುಚ್ಚಿಕೊಂಡಿದೆ. ಅದರ ನೆತ್ತಿ ನೆಲದಿಂದ 65-70 ಕಿ.ಮೀ. ಮೇಲಿದೆ. ಮೈನಸ್ 35 ಅಲ್ಲಿಯ ಅಂಕಿ, 465 ನೆಲದ್ದು. ಮೈಕ್ರೋವೇವ್ ಎಂಬ ರೇಡಿಯೋ ಅಲೆಯಾದರೆ ಆ ಮೋಡವನ್ನು ದಾಟಿ ಹೊರಗೆ ಬರುತ್ತದೆ. 1956ರಲ್ಲೇ ಭೂಮಿಯಿಂದ ಹಾಗೆ ನೋಡಿದಾಗ ಸುಮಾರು 300 ಡಿಗ್ರಿ ಸಿಕ್ಕಿತ್ತು. ಅದು ನೆಲದ ಬಿಸಿಯಲ್ಲ, ತುಂಬಾ ಮೇಲಿರುವ ವಿದ್ಯುತ್ ಕಣಗಳ ಪದರದ್ದು ಅಂತ ಕೆಲವರು ವಾದಿಸಿದರು.

ಆ ವಾದವನ್ನು ಅಮೆರಿಕದ ನೌಕೆ ಮ್ಯಾರಿನರ್ 2 ಬಗೆಹರಿಸಿದ ರೀತಿ ನನಗೆ ಬಹಳ ಇಷ್ಟ. 1962ರ ಡಿಸೆಂಬರ್ 14ರಂದು ಸುಮಾರು 35 ಸಾವಿರ ಕಿ.ಮೀ. ದೂರದಲ್ಲಿ ಹಾದುಹೋಗುತ್ತಾ ಅದು ಗ್ರಹದ ನಡುಭಾಗವನ್ನೂ ಅಂಚನ್ನೂ ಅಳೆಯಿತು. ಅಂಚಿನ ಕಡೆ ನೋಟ ಓರೆಯಾಗುತ್ತದೆ, ಅಲ್ವಾ? ಬಿಸಿ ಮೇಲಿನ ಪದರದ್ದಾಗಿದ್ದರೆ ಅಲ್ಲಿ ಪದರ ಜಾಸ್ತಿ ದಪ್ಪವಾಗಿ ಸಿಗುತ್ತದೆ, ಅಂಚು ಹೊಳೆಯಬೇಕು. ಬಿಸಿ ಕೆಳಗಿನದ್ದಾಗಿದ್ದರೆ ಓರೆ ದಾರಿಯಲ್ಲಿ ಮೇಲಿನ ತಣ್ಣನೆಯ ಗಾಳಿ ಹೆಚ್ಚು ಅಡ್ಡ ಬರುತ್ತದೆ, ಅಂಚು ಮಂಕಾಗಬೇಕು. ಅಂಚು ಮಂಕಾಗಿತ್ತು.

ಒಳಗೇ ಇಳಿದು ಅಳೆದರೂ ಎತ್ತರದ ಪ್ರಶ್ನೆ ಬಿಡುವುದಿಲ್ಲ. 1967ರ ಅಕ್ಟೋಬರ್ 18ರಂದು ಸೋವಿಯತ್ ನೌಕೆ ವೆನೆರಾ 4 ಇಳಿಯುತ್ತಾ 260 ಡಿಗ್ರಿ ದಾಟಿದ ಮೇಲೆ ಮೌನವಾಯಿತು. ನೆಲ ಮುಟ್ಟಿತು ಅಂತ ಆಗ ಪ್ರಕಟಿಸಿದರು. ಮರುದಿನವೇ ಮ್ಯಾರಿನರ್ 5 ಶುಕ್ರದ ಹಿಂದೆ ಮರೆಯಾಗುವಾಗ ಅದರ ರೇಡಿಯೋ ಅಲೆ ಅಲ್ಲಿಯ ವಾತಾವರಣದಲ್ಲಿ ಬಾಗಿತು. ಆ ಬಾಗುವಿಕೆಯನ್ನೂ, ರೇಡಾರ್‌ನಿಂದ ಅಳೆದ ಶುಕ್ರದ ಗಾತ್ರವನ್ನೂ ಜೋಡಿಸಿದಾಗ ಲೆಕ್ಕ ಕೂಡಲಿಲ್ಲ. ವೆನೆರಾ 4 ಸುಮಾರು 25 ಕಿ.ಮೀ. ಎತ್ತರದಲ್ಲೇ ನಿಂತುಹೋಗಿತ್ತು. ನೆಲದಿಂದಲೇ ಮೊದಲ ಅಂಕಿ ಬಂದದ್ದು 1970ರ ಡಿಸೆಂಬರ್ 15ರಂದು. ವೆನೆರಾ 7 ಅಲ್ಲಿಂದ 23 ನಿಮಿಷ ಕ್ಷೀಣ ಸಂಕೇತ ಕಳಿಸಿತು: ಸುಮಾರು 475 ಡಿಗ್ರಿ.