ಊಟಿ ಘಾಟಿಗೆ ಪಾಸ್ ಬಂದ ಕಥೆ

ಬೆಂಗಳೂರು, ಮೈಸೂರಿನವರಿಗೆ ಊಟಿ ಅಂದರೆ ಹೆಚ್ಚು ಯೋಚನೆ ಮಾಡದೆ ಹೊರಟುಬಿಡುವ ಊರು. ನಸುಕಿನಲ್ಲಿ ಕಾರು ತೆಗೆದರೆ ಮೈಸೂರಲ್ಲಿ ತಿಂಡಿ, ಆಮೇಲೆ ಗುಂಡ್ಲುಪೇಟೆ, ಬಂಡೀಪುರ, ಮಸಿನಗುಡಿ. ಮಧ್ಯಾಹ್ನದ ಊಟಕ್ಕೆ ಸ್ವೆಟರ್ ಹಾಕಿಕೊಂಡು ಕೂರಬಹುದು. ಈಗ ಹೊರಡುವ ಮೊದಲು ಇನ್ನೊಂದು ಕೆಲಸ ಸೇರಿಕೊಂಡಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಕೊಡೈಕನಾಲ್‌ಗೂ ಇದೇ ನಿಯಮ. 2025ರ ಬೇಸಿಗೆಗೆ ಕೋರ್ಟು ಇನ್ನೂ ಬಿಗಿ ಮಾಡಿತು. ನೀಲಗಿರಿಗೆ ವಾರದ ದಿನಗಳಲ್ಲಿ 6,000 ವಾಹನ, ಶನಿವಾರ ಭಾನುವಾರ 8,000. ಅದಕ್ಕಿಂತ ಜಾಸ್ತಿ ಬಿಡುವಂತಿರಲಿಲ್ಲ.

"ನಮ್ಮ ಕಾರು, ನಮ್ಮ ಪೆಟ್ರೋಲು, ಇವರದೇನು ತಕರಾರು?" ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಅವರ ಬೇಸರ ಅರ್ಥವಾಗುತ್ತದೆ. ಆದರೆ ಈ ನಿಯಮ ಒಂದು ದಿನದಲ್ಲಿ ಬಂದದ್ದಲ್ಲ. ಇನ್ನೂರು ವರ್ಷದಲ್ಲಿ ಆ ಬೆಟ್ಟವನ್ನು ಯಾರು ಯಾವ ದಾರಿಯಲ್ಲಿ ಹತ್ತಿದರು ಅಂತ ನೋಡಿದರೆ ಪಾಸ್ ಯಾಕೆ ಬಂತು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಕನ್ನಡದವರಿಗೆ ಈ ಬೆಟ್ಟ ದೂರದ್ದೇನಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆಯೇ ಇದು ಬ್ರಿಟಿಷರ ಕೈ ಸೇರಿದ್ದು. ಅಲ್ಲಿನ ಬಡಗ ಸಮುದಾಯದವರ ಮಾತಿಗೆ ಸ್ವಲ್ಪ ಕಿವಿಗೊಟ್ಟರೆ ನಮಗೆ ಎಷ್ಟೋ ಅರ್ಥವಾಗುತ್ತದೆ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ. ಆಗ ಅಲ್ಲಿ ತೋಡರೆಂಬ ಬುಡಕಟ್ಟಿನವರ ಮಂದುಗಳು, ಅಂದರೆ ಪುಟ್ಟ ಹಟ್ಟಿಗಳು ಇದ್ದವು, ಅವರ ಎಮ್ಮೆಗಳು ಮೇಯುವ ಹುಲ್ಲುಗಾವಲು ಇತ್ತು. ಸಲಿವನ್ ತೋಡರಿಂದ ಜಾಗ ತೆಗೆದುಕೊಂಡು 1822ರಲ್ಲಿ ಕಲ್ಲಿನ ಮನೆ ಕಟ್ಟಿಸಲು ಶುರು ಮಾಡಿದ. ಆ ಕಟ್ಟಡ ಇವತ್ತಿಗೂ ಊಟಿಯ ಸರ್ಕಾರಿ ಕಲಾ ಕಾಲೇಜಿನಲ್ಲಿದೆ. ಕೆರೆ ಕಟ್ಟಿಸಿದವನೂ ಅವನೇ. ಹೀಗೆ ಶುರುವಾದ ಊರು ಆಮೇಲೆ ಮದ್ರಾಸ್ ಸರ್ಕಾರದ ಬೇಸಿಗೆ ರಾಜಧಾನಿಯಾಯಿತು. ಕುದುರೆ, ಎತ್ತಿನ ಗಾಡಿ, ಡೋಲಿಗಳಲ್ಲಿ ಬಂದು ತಿಂಗಳುಗಟ್ಟಲೆ ಇದ್ದುಹೋಗುವ ಕೆಲವೇ ಜನರಿಗಾಗಿ ಬೆಳೆದ ಊರು ಅದು. ರಸ್ತೆಗಳ ಅಗಲವೂ ಆ ಲೆಕ್ಕದ್ದೇ.

ಮೈಸೂರು ಅರಸರ ಫರ್ನ್‌ಹಿಲ್ ಅರಮನೆ ಆ ಕಾಲದ್ದು. 1844ರ ಈ ಬಂಗಲೆಯನ್ನು 1870ರ ದಶಕದಲ್ಲಿ ಒಡೆಯರ್ ಮನೆತನ ಕೊಂಡಿತು. ಬೇಸಿಗೆ ಬಂತೆಂದರೆ ಅರಮನೆಯ ಸಂಸಾರ ಅಲ್ಲಿಗೆ ಹೋಗುತ್ತಿತ್ತು. ಮುಂದೆ ಅದು ಹೋಟೆಲ್ ಆಯಿತು. ಅದರ ನೃತ್ಯಶಾಲೆಯ ಚಾವಣಿಯನ್ನು ತಲೆಯೆತ್ತಿ ನೋಡಬೇಕು. ಆ ಅಲಂಕಾರವೆಲ್ಲ ಕಾಗದದ ಮುದ್ದೆಯಲ್ಲಿ ಮಾಡಿದ್ದು! ಇಂಥ ಮನೆಗಳನ್ನು ಕಟ್ಟಿದವರು ಒಂದು ರಾತ್ರಿ ತಂಗಿ ಹೊರಡುವವರಿಗಾಗಿ ಕಟ್ಟಲಿಲ್ಲ.

ಸಾಮಾನ್ಯರಿಗೆ ಬೆಟ್ಟ ಹತ್ತಿರವಾದದ್ದು ರೈಲಿನಿಂದ. ಮೆಟ್ಟುಪಾಳ್ಯದಿಂದ ಹೊರಟ ಹಳಿ 1899ಕ್ಕೆ ಕೂನೂರು ಮುಟ್ಟಿತು, 1908ಕ್ಕೆ ಊಟಿ. 46 ಕಿಲೋಮೀಟರ್ ದಾರಿಗೆ ಇವತ್ತಿಗೂ ಐದು ಗಂಟೆ ಹತ್ತಿರ ಬೇಕು. ಕಲ್ಲಾರಿನಿಂದ ಕೂನೂರಿನವರೆಗೆ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಕಬ್ಬಿಣದ ಪಟ್ಟಿ ಹಾಕಿದ್ದಾರೆ. ಎಂಜಿನ್‌ನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು, ಹಿಂದಿನಿಂದ ಡಬ್ಬಿಗಳನ್ನು ತಳ್ಳುತ್ತಾ ಹತ್ತುತ್ತದೆ. ಪ್ರತಿ 12 ಅಡಿಗೆ ಒಂದು ಅಡಿ ಏರು ಇರುವ ಜಾಗವೂ ಉಂಟು. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನನಗಂತೂ ಊಟಿಗೆ ಹೋಗುವ ದಾರಿಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಎಷ್ಟು ಜನ ಹತ್ತಬಹುದು ಅನ್ನುವುದನ್ನು ಡಬ್ಬಿಯಲ್ಲಿರುವ ಸೀಟುಗಳೇ ಹೇಳಿಬಿಡುತ್ತಿದ್ದವು.

ಈ ಲೆಕ್ಕ ತಪ್ಪಿದ್ದು ಸ್ವಂತ ಕಾರು ಬಂದ ಮೇಲೆ. 1990ರ ನಂತರ ಕಾರಿಗೆ ಸಾಲ ಸುಲಭವಾಗಿ ಸಿಗತೊಡಗಿತು. ಹೆದ್ದಾರಿ ಅಗಲವಾಯಿತು, ಐಟಿ ಕೆಲಸದವರಿಗೆ ವಾರಕ್ಕೆ ಎರಡು ದಿನ ರಜೆ ಬಂತು. ತಿಂಗಳಿದ್ದು ಹೋಗುವ ಊರು ಎರಡು ದಿನದ ಊರಾಯಿತು. ಎಲ್ಲರಿಗೂ ಅವೇ ಎರಡು ದಿನ.

ಅಲ್ಲಿಂದಾಚೆಗೆ ಒಂದೊಂದೇ ಗೇಟು ಬಿದ್ದವು. ಮೊದಲನೆಯದು ನಮ್ಮಲ್ಲೇ. ಕಾಡುಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದುದರಿಂದ 2009ರಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಂತಿತು. ಅದೇ ವರ್ಷ ನವೆಂಬರಿನಲ್ಲಿ ಭಾರಿ ಮಳೆಗೆ ನೀಲಗಿರಿಯಲ್ಲಿ ಗುಡ್ಡಗಳು ಕುಸಿದು 40ಕ್ಕೂ ಹೆಚ್ಚು ಜನ ಸತ್ತರು. ಇಳಿಜಾರು ಕಡಿದು ರಸ್ತೆ, ಕಟ್ಟಡ ಮಾಡಿದರೆ ಏನಾಗುತ್ತದೆ ಅನ್ನುವ ಮಾತು ಆಗ ಜೋರಾಯಿತು.

ಇನ್ನೊಂದು ಗೇಟು ಕಲ್ಲಟ್ಟಿ ಘಾಟಿಯದು. ಮಸಿನಗುಡಿ ಕಡೆಯಿಂದ ಊಟಿಗೆ ಇದು ಹತ್ತಿರದ ದಾರಿ, 36 ಹೇರ್‌ಪಿನ್ ತಿರುವು. ಹತ್ತುವಾಗ ಕಷ್ಟ ಎಂಜಿನ್ನಿಗೆ. ಇಳಿಯುವಾಗ ಕಷ್ಟ ಬ್ರೇಕಿಗೆ. ಬಯಲುಸೀಮೆಯಲ್ಲಿ ಓಡಿಸಿ ರೂಢಿಯಾದವರು ಮೂರನೇ, ನಾಲ್ಕನೇ ಗೇರಲ್ಲೇ ಇಳಿಯುತ್ತಾ ಬ್ರೇಕ್ ಒತ್ತಿ ಹಿಡಿದಿರುತ್ತಾರೆ. ಹತ್ತು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಬ್ರೇಕ್ ಆಯಿಲ್ ಕುದ್ದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. "ಹತ್ತಿದ ಗೇರಲ್ಲೇ ಇಳೀಬೇಕು" ಅಂತ ಹಳೇ ಡ್ರೈವರುಗಳು ಹೇಳುವುದು ಇದಕ್ಕೇ. 2018ರ ಅಕ್ಟೋಬರಿನಲ್ಲಿ ಪ್ರವಾಸಿಗರ ಕಾರೊಂದು ಇಲ್ಲಿ ಕಣಿವೆಗೆ ಉರುಳಿತು. ಎರಡು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಅದಾದ ಮೇಲೆ ಹೊರಗಿನ ನಂಬರಿನ ಗಾಡಿಗಳು ಈ ದಾರಿಯಲ್ಲಿ ಇಳಿಯುವುದಕ್ಕೆ ತಡೆ ಬಿತ್ತು.

ಕೊನೆಗೆ ವಿಷಯ ಕೋರ್ಟಿನಲ್ಲಿ ಅಂಕಿಗಳಾಗಿ ಬಂತು. ಸೀಸನ್ನಿನಲ್ಲಿ ನೀಲಗಿರಿಗೆ ದಿನಕ್ಕೆ 20,011 ವಾಹನ. ಅದರಲ್ಲಿ ಕಾರು 11,509, ಬೈಕು 6,524, ವ್ಯಾನು 1,341, ಬಸ್ಸು 637. ನನಗೆ ಈ ಸಾಲೇ ಮುಖ್ಯ ಅನ್ನಿಸುತ್ತದೆ. ಒಂದು ಬಸ್ಸಿನ ಜನ ಕಾರಲ್ಲಿ ಬಂದರೆ ಹತ್ತು ಹನ್ನೆರಡು ಗಾಡಿಯಾಗುತ್ತದೆ. ಅಷ್ಟಕ್ಕೂ ಪಾರ್ಕಿಂಗ್ ಬೇಕು, ಅಷ್ಟೂ ಅದೇ ಕಿರಿದಾದ ರಸ್ತೆಯಲ್ಲಿ ನಿಲ್ಲಬೇಕು. ಬೆಟ್ಟ ಎಷ್ಟು ವಾಹನ ತಾಳುತ್ತದೆ ಅಂತ ಅಧ್ಯಯನ ಮಾಡಲು ಐಐಟಿ ಮದ್ರಾಸ್, ಐಐಎಂ ಬೆಂಗಳೂರಿಗೆ ಹೇಳಿದ್ದಾರೆ.

ಊಟಿಯ ವ್ಯಾಪಾರಿಗಳಿಗೆ ಈ ಮಿತಿ ಇಷ್ಟವಾಗಿಲ್ಲ. 2025ರ ಏಪ್ರಿಲಿನಲ್ಲಿ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಸೀಸನ್ನಿನ ಎರಡು ತಿಂಗಳಲ್ಲಿ ವರ್ಷದ ಸಂಪಾದನೆ ನೋಡುವ ಚಾಕೊಲೇಟ್ ಅಂಗಡಿಯವರು, ಆಟೋದವರು, ಲಾಡ್ಜಿನವರು ಇನ್ನೇನು ಮಾಡಿಯಾರು? ಗಾಡಿ ಕಡಿಮೆ ಮಾಡುವ ಭರದಲ್ಲಿ ಜನರನ್ನೂ ಕಡಿಮೆ ಮಾಡಿದರೆ ಪೆಟ್ಟು ಬೀಳುವುದು ಇವರಿಗೇ. ಅದಕ್ಕೆ ಬರೀ ಪಾಸ್ ಸಾಲದು. ಗುಂಡ್ಲುಪೇಟೆಯಲ್ಲೋ ಮೆಟ್ಟುಪಾಳ್ಯದಲ್ಲೋ ಕಾರು ಬಿಟ್ಟು ಹತ್ತಿಕೊಳ್ಳುವಷ್ಟು ಬಸ್ಸು ಬೇಕು. ಆ ಏರ್ಪಾಡು ಇಲ್ಲದೆ ನಿಯಮ ಮಾಡಿದ್ದು ಅರ್ಧ ಕೆಲಸ.

ನಮ್ಮ ಮುಳ್ಳಯ್ಯನಗಿರಿಗೂ ಈಗ ಆನ್‌ಲೈನ್ ನೋಂದಣಿ ಬಂದಿದೆ. ಊಟಿಗಂತೂ ಸರ್ಕಾರಿ ಬಸ್ಸಿನಲ್ಲಿ, ರೈಲಿನಲ್ಲಿ ಹೋಗುವವರಿಗೆ ಪಾಸಿನ ಗೊಡವೆಯೇ ಇಲ್ಲ. ಮೈಸೂರಿನ ಬಸ್ ಸ್ಟ್ಯಾಂಡಿನಿಂದ ದಿನವೂ ಬಸ್ಸು ಇದೆ.